ಹಿನ್ನೀರಿನ ದೋಣಿಯ ವೇಗ ಹೆಚ್ಚಿಸಿದ ಬಗ್ಗೆ

ಓದುಗರಲ್ಲಿ ಮೊದಲಿಗೆ ನಿವೇದಿಸಿಕೊಳ್ಳುವುದೇನೆಂದರೆ, ನಾನು ಸೇವೆಯಲ್ಲಿದ್ದಾಗ ಮಾಸಿಕ ವರದಿ, ರಜೆ ಅರ್ಜಿ ಹಾಗೂ ಔಷಧಿಗಳ ಬೇಡಿಕೆ ಪತ್ರಗಳ ಹೊರತು ಬೇರೇನನ್ನೂ ಬರೆದವಳಲ್ಲ. ಆದ್ದರಿಂದ ಈ ಬರಹವೂ ಅದೇ ಧಾಟಿಯಲ್ಲಿ ಬಂದಲ್ಲಿ ದಯವಿಟ್ಟು ಸಹಿಸಿಕೊಳ್ಳಬೇಕು. ವಿಷಯ ಮಾತ್ರ ನನ್ನದೇ ಆಗಿದೆ. ಅದರ ಬಗ್ಗೆ ನನಗೆ ಇಂದಿಗೂ ಅಭಿಮಾನವಿದೆ.

ನಾನು ಜಮಖಂಡಿಯವಳು. ಗಲಗಲಿಯ ಸಮೀಪದ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿ ನೇಮಕಗೊಂಡಿದ್ದೆ. ಅಣೆಕಟ್ಟಿನ ಹಿನ್ನೀರು ಪ್ರತಿ ಮಳೆಗಾಲದಲ್ಲಿ ಏರಿ ಬಂದು ಹೊಲಗಳನ್ನು ಮುಚ್ಚುತ್ತಿತ್ತು. ಹಾಗೆ ಏರಿದಾಗ ನಮ್ಮ ವ್ಯಾಪ್ತಿಯ ಒಂದು ದಿಬ್ಬದ ವಸತಿಯು ಸುತ್ತಲೂ ನೀರಾಗಿ ನಡುಗಡ್ಡೆಯಾಗುತ್ತಿತ್ತು. ಅಲ್ಲಿ ಕುರಿ ಸಾಕುವ ಕೆಲವು ಮನೆತನಗಳಿದ್ದವು. ದಿಬ್ಬದ ಮೇಲೆ ಬೀರೇಶ್ವರನ ಗುಡಿ ಇದ್ದುದರಿಂದ ಅವರು ಪುನರ್ವಸತಿ ಊರಿಗೆ ಹೋಗಲು ಒಪ್ಪಿರಲಿಲ್ಲ. ವಾರಕ್ಕೊಮ್ಮೆ ಲಸಿಕೆಯ ಪೆಟ್ಟಿಗೆಯೊಂದಿಗೆ ಅಲ್ಲಿಗೆ ಹೋಗಿ, ಕೂಸುಗಳಿಗೆ ಸೂಜಿ ಹಾಕಿ, ಬಸುರಿಯರನ್ನು ನೋಡಿ ಬರುವುದು ನನ್ನ ಕರ್ತವ್ಯವಾಗಿತ್ತು.

ಇದಕ್ಕಾಗಿ ಒಂದು ಫೈಬರ್ ದೋಣಿಯನ್ನೂ, ಅದರ ಹಿಂಬದಿಯ ಹಲಗೆಗೆ ಸಿಕ್ಕಿಸುವ ಪೆಟ್ರೋಲ್ ಮೋಟರನ್ನೂ ಒದಗಿಸಲಾಗಿತ್ತು. ದೋಣಿ ನಡೆಸಲು ದಿನಗೂಲಿಯ ಮೇಲೆ ಒಬ್ಬ ಚಾಲಕ ಇದ್ದ. ಅವನು ಅದಕ್ಕೂ ಮೊದಲು ಮುಧೋಳ ಕಡೆಯ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು. ಕೆಲಸದಲ್ಲಿ ನಿಷ್ಠಾವಂತ. ಆದರೆ ದೋಣಿ ಬಹಳ ನಿಧಾನವಾಗಿ ಸಾಗುತ್ತಿತ್ತು. ಮೋಟರಿನ ವೇಗ ಏರಿಸುವ ಹಿಡಿಕೆಯನ್ನು ಎಷ್ಟು ತಿರುವಿದರೂ ಮೋಟರ್ ಗೋಳಾಡುತ್ತಿತ್ತೇ ಹೊರತು ದಂಡೆ ಹತ್ತಿರವಾಗುತ್ತಿರಲಿಲ್ಲ. ದಿಬ್ಬದ ಒಬ್ಬ ಮುದುಕಿ ಒಮ್ಮೆ ದಂಡೆಯಲ್ಲಿ ನಿಂತು ಅವನಿಗೆ, "ಏ ತಮ್ಮಾ, ನಮ್ಮ ಎಮ್ಮಿ ಇದಕಿಂತ ಜೋರ ಈಸತಾವು ನೋಡು" ಎಂದಳು. ಅವನು, "ಹಂಗಾರ ಮುಂದಿನ ವಾರ ಬಾಯಾರನ್ನ ಎಮ್ಮಿ ಮ್ಯಾಲ ಕರಕೊಂಡ ಬಾ" ಎಂದು ಉತ್ತರಿಸಿದ. ಬಾಯಾರು ಎಂದರೆ ನಾನು.

ನಗುವ ಸಂಗತಿ ಅಲ್ಲಿಗೇ ಮುಗಿಯಿತು. ಆ ತಿಂಗಳ ಸಭೆಯಲ್ಲಿ ನಮ್ಮ ವೈದ್ಯಾಧಿಕಾರಿಗಳು ನನ್ನನ್ನು ನಿಲ್ಲಿಸಿ ಕೇಳಿದರು.

"ಸಿಸ್ಟರ್, ಒಂದು ದಿಬ್ಬಕ್ಕ ಹೋಗಿ ಬರಾಕ ನಿಮ್ಮ ಇಡೀ ದಿನ ಹೋಗತೈತಿ. ಉಳದ ಊರು ಏನ ಮಾಡಬೇಕು?"

"ದೋಣಿ ಸಾವಕಾಶ ಐತ್ರಿ ಸರ್."

"ಹಂಗಾರ ಬಂದ್ ಮಾಡೂಣು. ಅವರ ತೆಪ್ಪದಾಗ ಈಕಡೆ ದಂಡಿಗೆ ಬರಲಿ."

ಹಸಿ ಕೂಸುಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಅಷ್ಟು ಅಗಲದ ನೀರನ್ನು ತೆಪ್ಪದಲ್ಲಿ ದಾಟುವುದು ಎಂತಹ ಮಾತೆಂಬುದು ನನಗೆ ತಿಳಿದಿತ್ತು. ಅವರು ಬರುವುದಿಲ್ಲ, ಕೂಸುಗಳಿಗೆ ಲಸಿಕೆ ತಪ್ಪುತ್ತದೆ ಎಂಬುದೂ ತಿಳಿದಿತ್ತು. ಸ್ವಲ್ಪ ಅವಕಾಶ ಕೊಡಬೇಕೆಂದು ಕೋರಿದೆ. ವೈದ್ಯಾಧಿಕಾರಿಗಳು ಯೋಚಿಸಿ, ತಾವೇ ಒಂದು ದಿನ ದೋಣಿಯಲ್ಲಿ ಬರುವುದಾಗಿಯೂ, ಕೆಲಸ ಮುಗಿಸಿ ಮಧ್ಯಾಹ್ನದ ಊಟದೊಳಗೆ ಮರಳಿದಲ್ಲಿ ಮಾತ್ರ ದಿಬ್ಬದ ದಿನವನ್ನು ಮುಂದುವರಿಸುವುದಾಗಿಯೂ ತಿಳಿಸಿದರು.

ಇಲ್ಲಿ ಒಂದು ಸಂಗತಿಯನ್ನು ವಿವರಿಸುವುದು ಅವಶ್ಯಕ. ನಮ್ಮ ಕಡೆ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವಾಗ ಟ್ರ್ಯಾಕ್ಟರಿನ ಮುಂಗಾಲಿಗಳು ನೆಲ ಬಿಟ್ಟು ಏಳುತ್ತವೆ. ಅದಕ್ಕಾಗಿ ಮುಂದೆ ಕಲ್ಲು ಹೇರುತ್ತಾರೆ. ಕೆಲವೊಮ್ಮೆ ಇಬ್ಬರು ಗಂಡಸರನ್ನೇ ಕೂಡ್ರಿಸುತ್ತಾರೆ. ಆದರೂ ಮೂತಿ ಎದ್ದರೆ ಚಾಲಕ ತಕ್ಷಣ ವೇಗ ತಗ್ಗಿಸಬೇಕು, ಇಲ್ಲವಾದರೆ ಪ್ರಾಣಕ್ಕೆ ಅಪಾಯ. ನಮ್ಮ ಚಾಲಕನು ದೋಣಿಯಲ್ಲಿಯೂ ಇದನ್ನೇ ಪಾಲಿಸುತ್ತಿದ್ದ. ಹಿಡಿಕೆ ತಿರುವಿದೊಡನೆ ದೋಣಿಯ ಮೂತಿ ಏಳುತ್ತಿದ್ದುದನ್ನು ಕಂಡು ಮುಂದುಗಡೆ ಎರಡು ಚೀಲ ಉಸುಕು ಇಟ್ಟಿದ್ದ. ಅಷ್ಟಾಗಿಯೂ ಎದ್ದರೆ ಕೈ ಸಡಿಲಿಸುತ್ತಿದ್ದ. ನನಗೂ ಅದು ಸರಿಯೆಂದೇ ತೋರಿತ್ತು. ಕಬ್ಬಿನ ನಾಡಿನಲ್ಲಿ ಬೆಳೆದ ಯಾರಿಗಾದರೂ ಹಾಗೆಯೇ ತೋರುತ್ತಿತ್ತು.

ಅದರ ಮರುವಾರ ನಾವು ದಿಬ್ಬದಲ್ಲಿದ್ದಾಗ ಒಬ್ಬ ಬಸುರಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಆಕೆಯನ್ನು ಬೀಳಗಿಯ ಆಸ್ಪತ್ರೆಗೆ ಸಾಗಿಸುವುದು ಅನಿವಾರ್ಯವೆಂದು ನಾನು ನಿರ್ಧರಿಸಿದೆ. ದೋಣಿಯಲ್ಲಿ ಆಕೆ ಕಾಲು ಚಾಚಿ ಮಲಗಲು ಸ್ಥಳ ಸಾಲದಾಯಿತು. ನಾನು ಉಸುಕಿನ ಚೀಲಗಳನ್ನು ದಂಡೆಗೆ ಇಳಿಸಿದೆ.

"ಬಾಯಾರ, ಚೀಲಾ ಇಲ್ಲಂದ್ರ ಮೂತಿ ಎತ್ತತೈತ್ರಿ," ಎಂದು ಚಾಲಕ ಎಚ್ಚರಿಸಿದ.

"ಈಕಿನ ಚೀಲದ ಮ್ಯಾಲ ಮಲಗಸಲೇನು? ನಡಿ," ಎಂದೆ.

ಎಮ್ಮೆಯ ಮಾತಾಡಿದ್ದ ಆ ಮುದುಕಿಯೇ ಬಸುರಿಯ ಅತ್ತೆ. ಆಕೆ ಚಾಲಕನ ಪಕ್ಕದಲ್ಲಿಯೇ ಕುಳಿತಳು. ದಂಡೆ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಅವನು ಹಿಡಿಕೆ ತಿರುವಿದ. ಮೂತಿ ಎದ್ದಿತು. ಅವನ ಕೈ ಸಡಿಲವಾಯಿತು. ಮುದುಕಿ ತನ್ನ ಎರಡೂ ಕೈಗಳಿಂದ ಅವನ ಕೈಯನ್ನು ಹಿಡಿಕೆಯ ಸಮೇತ ಬಿಗಿಯಾಗಿ ಹಿಡಿದಳು.

"ಕೈ ಯಾಕ ತಗೀತಿ? ತಿರುವು."

"ಪಲ್ಟಿ ಆಕ್ಕೈತಿ ಬೇ."

"ಪಲ್ಟಿ ಆಗೂದ್ರಾಗ ದಂಡಿ ಮುಟ್ತೀವಿ. ತಿರುವು ಅಂದೆ."

ಮೂತಿ ಇನ್ನಷ್ಟು ಎದ್ದಿತು. ನಾನು ಬಸುರಿಯ ಭುಜ ಹಿಡಿದು ಕಣ್ಣು ಮುಚ್ಚಿದೆ. ಆನಂತರ ನಡೆದುದನ್ನು ನಾನು ಇಂದಿಗೂ ಮರೆತಿಲ್ಲ. ಎದ್ದ ಮೂತಿ ತಾನಾಗಿಯೇ ಮೆಲ್ಲಗೆ ಕೆಳಗೆ ಬಂದು ಸಮವಾಯಿತು. ಮೋಟರಿನ ಗೋಳು ನಿಂತು ಸಪ್ಪಳ ಹಗುರವಾಯಿತು. ಅಲ್ಲಿಯವರೆಗೆ ನೀರನ್ನು ನೇಗಿಲಿನಂತೆ ಸೀಳುತ್ತಿದ್ದ ದೋಣಿ ನೀರಿನ ಮೇಲೆ ಏರಿ, ಹಾಸಿದ ಚಾಪೆಯ ಮೇಲಿನಂತೆ ಜಾರತೊಡಗಿತು. ಮುದುಕಿ ಅವನ ಕೈ ಬಿಡದೆ, "ಇಷ್ಟ ದಿವಸ ಎಲ್ಲಿ ಮುಚ್ಚಿ ಇಟ್ಟಿದ್ದಿ ಇದನ್ನ?" ಎಂದು ಕೇಳಿದಳು. ನಾವು ದಂಡೆ ಮುಟ್ಟಿದಾಗ, ಬೀಳಗಿಗೆ ಒಯ್ಯಲು ನಾನು ಫೋನ್ ಮಾಡಿ ಕರೆಸಿದ್ದ ಜೀಪಿನವನು, ನಾವು ಬರುವುದು ತಡವೆಂದುಕೊಂಡು ಇನ್ನೂ ಚಹಾ ಕುಡಿಯುತ್ತಿದ್ದ. ಬೀಳಗಿಯಲ್ಲಿ ಹೆಣ್ಣು ಕೂಸು ಸುಖವಾಗಿ ಜನಿಸಿತೆಂಬುದನ್ನು ಇಲ್ಲಿಯೇ ತಿಳಿಸುತ್ತೇನೆ.

ಅಂದಿನಿಂದ ಚಾಲಕನಿಗೂ ನನಗೂ ಅದೇ ಧ್ಯಾನವಾಯಿತು. ಮೂತಿ ಏಳುವುದು ತಪ್ಪಲ್ಲ, ಎದ್ದಾಗ ಕೈ ಬಿಡುವುದೇ ತಪ್ಪು ಎಂಬುದು ಮನವರಿಕೆಯಾಗಿತ್ತು. ಆದರೆ ಮೂತಿ ಬಹಳ ಹೊತ್ತು ಮೇಲೆಯೇ ನಿಲ್ಲುತ್ತಿತ್ತು. ಮೋಟರನ್ನು ಎಷ್ಟು ಓರೆಯಾಗಿ ನಿಲ್ಲಿಸಬೇಕೆಂಬುದಕ್ಕೆ ಒಂದು ಪಿನ್ನೂ, ಅದಕ್ಕೆ ಹಲವು ತೂತುಗಳೂ ಇದ್ದವು. ಪಿನ್ನನ್ನು ಒಂದು ತೂತು ದೋಣಿಯ ಕಡೆಗೆ ಸರಿಸಿದೆವು. ಮೂತಿ ಬೇಗ ಇಳಿಯಿತು. ಇನ್ನೂ ಒಂದು ತೂತು ಸರಿಸಿದಾಗ ಮೂತಿ ಅತಿಯಾಗಿ ತಗ್ಗಿ ನನ್ನ ಸೀರೆ ಪೂರ್ತಿ ತೊಯ್ದಿತು. ಹಿಂದಿನ ತೂತಿಗೇ ಮರಳಿದೆವು. ಹಿಂಬದಿಯ ಭಾರ ತಗ್ಗಲೆಂದು ಪೆಟ್ರೋಲ್ ಡಬ್ಬಿಯನ್ನು ಪೈಪು ನಿಲುಕುವಷ್ಟು ನಡುವಿಗೆ ತಂದೆವು. ದೋಣಿಯನ್ನು ದಂಡೆಗೆ ಎಳೆದು ಬೋರಲು ಹಾಕಿ, ತಳಕ್ಕೆ ಅಂಟಿದ್ದ ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿದೆವು. ದಿಬ್ಬದ ಹೆಂಗಸರೂ ಸೇರಿಕೊಂಡರು. ಪಾತ್ರೆ ತಿಕ್ಕಿದಷ್ಟೇ ಚೊಕ್ಕಟವಾಗಿ ತಿಕ್ಕಿದರೆಂದು ದಾಖಲಿಸಲು ಹೆಮ್ಮೆಯೆನಿಸುತ್ತದೆ.

ಮುಳುಗಿದ ಹೊಲಗಳ ಬದುವಿನ ಕಲ್ಲುಗಳಿಗೆ ತಾಗಿ ತಾಗಿ, ನೀರಿನೊಳಗೆ ತಿರುಗುವ ಮೋಟರಿನ ಪಂಖದ ಅಂಚು ಹಲ್ಲು ಹಲ್ಲಾಗಿತ್ತು. ಅದನ್ನು ಬಿಚ್ಚಿ ನನ್ನ ಕೈಚೀಲದಲ್ಲಿ ಇಟ್ಟುಕೊಂಡು ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಇಳಿದೆ. ಅಲ್ಲಿಯ ಲೇಥ್ ಅಂಗಡಿಯವನು ಅದನ್ನು ತಿರುವಿ ತಿರುವಿ ನೋಡಿ, "ಇದು ಯಾವ ಮಶೀನಿಂದ್ರಿ ಅಕ್ಕಾರ, ಬೆಲ್ಲದ ಗಾಣದ್ದೇನು?" ಎಂದು ವಿಚಾರಿಸಿದ. ದೋಣಿಯದೆಂದೆ. ಅವನು ನಂಬಲಿಲ್ಲ. ಆದರೂ ಅಂಚುಗಳನ್ನು ಸಮನಾಗಿ ಅರ ಹಾಕಿ ಕೊಟ್ಟ.

ಮೋಟರ್ ನೀರಿನಲ್ಲಿ ಅತಿ ಆಳಕ್ಕೆ ಇಳಿದಿದೆ, ಆ ಕಾರಣದಿಂದಲೇ ನೀರು ಜಗ್ಗುತ್ತಿದೆ ಎಂಬುದು ಚಾಲಕನ ಅಭಿಪ್ರಾಯ. ಅವನು ಹಿಂಬದಿಯ ಹಲಗೆಯ ಮೇಲೆ ಒಂದು ಮರದ ಪಟ್ಟಿ ಕೂಡ್ರಿಸಿ ಮೋಟರನ್ನು ಎತ್ತರಿಸಿದ. ಆಗ ಪಂಖ ಗಾಳಿಯನ್ನು ನುಂಗಿ ಮೋಟರ್ ಕಿರುಚಿತು. ದೋಣಿ ಮುಂದಕ್ಕೆ ಹೋಗಲಿಲ್ಲ. ಪಟ್ಟಿಯನ್ನು ತೆಗೆದುಹಾಕಬೇಕೆಂದು ಅವನು ಸಿಟ್ಟಿನಿಂದ ಹೇಳಿದ. ಅರ್ಧದಷ್ಟು ಹೆರೆದು ನೋಡಬೇಕೆಂದು ನಾನು ಸೂಚಿಸಿದೆ. ಹೆರೆದ ಮೇಲೆ ದೋಣಿ ಓಡಿದ ಪರಿಗೆ ದಂಡೆಯ ಬೆಳ್ಳಕ್ಕಿಗಳೆಲ್ಲ ಎದ್ದವು.

ವೈದ್ಯಾಧಿಕಾರಿಗಳು ಬಂದ ದಿನ ಒಂದು ಅನಿರೀಕ್ಷಿತ ಅಡಚಣೆ ಉಂಟಾಯಿತು. ಅವರು ಸ್ಥೂಲಕಾಯರು. ಜೀಪಿನಲ್ಲಿ ಸಾಹೇಬರು ಮುಂದೆ ಕುಳಿತುಕೊಳ್ಳುವುದು ವಾಡಿಕೆಯಾದ್ದರಿಂದ ದೋಣಿಯಲ್ಲಿಯೂ ನೇರವಾಗಿ ಮೂತಿಯ ಹಲಗೆಗೆ ಹೋಗಿ ಕುಳಿತರು. ಮೇಲಧಿಕಾರಿಗಳನ್ನು ಎಬ್ಬಿಸುವುದು ಹೇಗೆ? "ಸರ್, ತಾವು ನಡುವಿನ ಹಲಗೆಯ ಮೇಲೆ ಕುಳಿತರೆ ಅನುಕೂಲ" ಎಂದು ವಿನಂತಿಸಿದೆ. "ಇಲ್ಲೇ ಆರಾಮ ಐತಿ" ಎಂದರು. ನಾನು ಎರಡನೆಯ ಸಲ ವಿನಂತಿಸುವ ಧೈರ್ಯವನ್ನು ಕೂಡಿಸಿಕೊಳ್ಳುತ್ತಿರುವಾಗಲೇ ಚಾಲಕ ಬಾಯಿ ಹಾಕಿದ.

"ಸಾಹೇಬ್ರ, ಮೊನ್ನೆ ತಾನ ಎರಡ ಚೀಲ ಉಸುಕು ಇಳಿಸೇವ್ರಿ. ನೀವು ಅಲ್ಲಿ ಕುಂತ್ರ ನಾಕು ಚೀಲ ಏರಿಸಿದಂಗ ಆಕ್ಕೈತ್ರಿ."

ನನಗೆ ನೀರಿಗೆ ಹಾರಬೇಕೆನಿಸಿತು. ಅವರು ಅವನನ್ನೂ ನನ್ನನ್ನೂ ನೋಡಿದರು. ಬಳಿಕ ಪ್ಯಾಂಟನ್ನು ಎತ್ತಿ ಹಿಡಿದು, ನಡುವಿನ ಹಲಗೆಗೆ ಬಂದು ಕುಳಿತರು.

ಚಾಲಕ ಹಿಡಿಕೆ ತಿರುವಿದ. ಮೂತಿ ಎದ್ದಿತು. ಅವರು ನನ್ನ ಲಸಿಕೆಯ ಪೆಟ್ಟಿಗೆಯನ್ನು ಅಪ್ಪಿ ಹಿಡಿದರು. ಮೂತಿ ಇಳಿದು ದೋಣಿ ನೀರಿನ ಮೇಲೆ ಏರಿದಾಗ ಅವರ ಹಿಡಿತವೂ ಸಡಿಲವಾಯಿತು. "ಇದು ಅದ ದೋಣಿ ಏನ್ರಿ ಸಿಸ್ಟರ್?" ಎಂದು ಕೇಳಿದರು. ಹೌದೆಂದು ಉತ್ತರಿಸಿದೆ.

ದಿಬ್ಬದ ದಂಡೆಯಲ್ಲಿ ಇಳಿದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜನರೇ ಬರುವುದಿಲ್ಲವೆಂದು ವೈದ್ಯಾಧಿಕಾರಿಗಳು ಭಾವಿಸಿದರೆ ಎಲ್ಲವೂ ವ್ಯರ್ಥ. ಅಷ್ಟರಲ್ಲಿ ಹೆಂಗಸೊಬ್ಬಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು.

"ಬಾಯಾರ, ಇದೇನ್ರಿ ಇಷ್ಟ ಲಗೂನ? ಮೋಟರ್ ಸಪ್ಪಳಾ ಕೇಳಿದ ಮ್ಯಾಲ ನಾವು ಕೂಸಿಗೆ ಎಣ್ಣಿ ಹಚ್ಚಿ, ನೀರ ಹಾಕಿ, ತೊಟ್ಟಲದಾಗ ಒಂದ ನಿದ್ದಿ ಮಾಡಸತಿದ್ವಿ. ಇವತ್ತ ಎಣ್ಣಿ ಹಚ್ಚೂದ್ರಾಗ ನೀವು ಬಂದ ಬಿಟ್ರಿ."

ಮನೆಮನೆಯ ಬಚ್ಚಲಿನಿಂದ ಕೂಸುಗಳ ಅಳು ಕೇಳಿಬರುತ್ತಿತ್ತು. ವೈದ್ಯಾಧಿಕಾರಿಗಳು ಗುಡಿಯ ಕಟ್ಟೆಯ ಮೇಲೆ ಕುಳಿತು, ಕೂಸುಗಳ ಮೈ ಒರೆಸಿ ತರುವವರೆಗೆ ಕಾದರು. ಬಳಿಕ ತಾವೇ ಪ್ರತಿಯೊಂದು ಕೂಸನ್ನೂ ಪರೀಕ್ಷಿಸಿದರು. ಎಲ್ಲ ಕೂಸುಗಳಿಗೂ ಲಸಿಕೆ ಮುಗಿದಾಗ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿತ್ತು. ನೆರಳು ಇನ್ನೂ ಪಶ್ಚಿಮಕ್ಕೆ ಇತ್ತು, ಮಧ್ಯಾಹ್ನದ ಊಟಕ್ಕೆ ಸಮಯವಿತ್ತು.

ಮರಳಿ ದೋಣಿ ಏರುವಾಗ, ಯಾರೂ ಹೇಳದೆಯೇ ಅವರು ನಡುವಿನ ಹಲಗೆಯ ಮೇಲೆ ಕುಳಿತು ನನ್ನ ಕಡೆಗೆ ತಿರುಗಿದರು.

"ಸಿಸ್ಟರ್, ಮುಂದಿನ ವಾರದಿಂದ ದೋಣಿ ಬಿಡೂ ಮೊದಲ ಈ ಮಂದಿಗೆ ಒಂದ ಫೋನ್ ಹಚ್ರಿ. ಪಾಪ, ಕೂಸುಗಳ ನಿದ್ದಿ ಕೆಡಸಬ್ಯಾಡ್ರಿ."

ಅವರು ಹೇಳಿದ್ದು ಅಷ್ಟೇ. ಮುಂದಿನ ವಾರ ಎಂಬ ಎರಡು ಶಬ್ದಗಳನ್ನು ನಾನೂ ಚಾಲಕನೂ ಒಟ್ಟಿಗೆ ಕೇಳಿಸಿಕೊಂಡೆವು. ಅವನು ನನ್ನ ಕಡೆ ನೋಡಲಿಲ್ಲ. ಹಿಡಿಕೆಯನ್ನು ಪೂರ್ತಿ ತಿರುವಿದ.