ನರಿಬಾಲದ ಕೋಲಿನ ಎಲ್ನೇಥನ್

ಮ್ಯಾಸಚೂಸೆಟ್ಸ್ ಕೊಲ್ಲಿಯ ಈ ಊರಿನಲ್ಲಿ ಪಾದ್ರಿಯ ಭಾನುವಾರದ ಉಪದೇಶ ಮೂರು ತಾಸು ನಡೆಯುತ್ತದೆ. ತೂಕಡಿಸುವವರನ್ನು ಎಬ್ಬಿಸುವ ಕೆಲಸ ಎಲ್ನೇಥನ್ ಬೀಬಿಯದು. ಅವನ ಕೋಲಿನ ಒಂದು ತುದಿಗೆ ಗಂಡಸರ ತಲೆ ಕುಟ್ಟಲು ಮರದ ಗುಂಡು, ಇನ್ನೊಂದಕ್ಕೆ ಹೆಂಗಸರ ಮೂಗು ಸವರಲು ನರಿಬಾಲ. ಸೊಳ್ಳೆ ಆಕಳಿಸಿದರೂ ಅವನಿಗೆ ಕೇಳಿಸುತ್ತದೆ. “ಕಣ್ಮುಚ್ಚಿ ಪ್ರಾರ್ಥನೆ ಮಾಡ್ತಿದ್ದೆ ಮಾರಾಯ!” ಎಂದು ಕಮ್ಮಾರ ತಲೆ ಉಜ್ಜಿಕೊಂಡರೆ, “ಗೊರಕೆ ಹೊಡ್ಕೊಂಡು ಮಾಡೋ ಪ್ರಾರ್ಥನೆ ದೇವರಿಗೆ ಮುಟ್ಟಲ್ಲಪ್ಪ” ಎನ್ನುತ್ತಾನೆ. ಸ್ವಂತ ಅತ್ತೆಯ ಮೂಗನ್ನೂ ಬಿಟ್ಟವನಲ್ಲ. ಆದರೆ ಸೂಲಗಿತ್ತಿ ಮೆಹಿಟಬೆಲ್ ರಾತ್ರಿಯಿಡೀ ಹೆರಿಗೆ ಮಾಡಿಸಿ ಬಂದು ಬೆಂಚಿನಲ್ಲೇ ನಿದ್ದೆಹೋದರೆ ಮಾತ್ರ, ಪಾದ್ರಿಗೆ ಕಾಣದಂತೆ ಅಡ್ಡ ನಿಂತು, ಆಕೆಯ ಒಂದೊಂದು ಗೊರಕೆಗೂ ಜೋರಾಗಿ ಕೆಮ್ಮುತ್ತಾನೆ. ಸೋಮವಾರ ಬೆಳಿಗ್ಗೆ ಆಕೆ ಕಹಿ ಕಷಾಯ ಹಿಡಿದು ಅವನ ಬಾಗಿಲಿಗೆ ಬರುತ್ತಾಳೆ: “ನಿನ್ನೆ ಕೂಡ ಕೆಮ್ಮಿದ್ಯಂತೆ, ಊರೋರೆಲ್ಲ ಹೇಳಿದ್ರು. ಕುಡಿ!” ಎಲ್ನೇಥನ್ ಕಣ್ಮುಚ್ಚಿ, ಒಂದು ತೊಟ್ಟೂ ಬಿಡದೆ ಕುಡಿಯುತ್ತಾನೆ.