ಗೌರವಾರ್ಥ ಮುಂದೂಡಲಾಯಿತು

ನಮ್ಮ ಪುರಸಭೆಯ ಮೀಟಿಂಗ್ ಹಾಲಿನಲ್ಲಿ ಸಾರ್ವಜನಿಕರಿಗೆಂದು ಗೋಡೆಗೆ ಒತ್ತಿ ಒಂದು ಬೆಂಚು ಹಾಕಿದ್ದರು. ಅದರ ನೆತ್ತಿಗೆ ಸರಿಯಾಗಿ ಒಂದು ಫ್ಯಾನಿತ್ತು. ಊರಿನಲ್ಲಿ ಕಾಸು ಕೊಡದೆ ಗಾಳಿ ಸಿಗುವ ಫ್ಯಾನು ಅದೊಂದೇ. ಆದ್ದರಿಂದ ಪಿಯುಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ನಾನು ತಿಂಗಳಿಗೊಮ್ಮೆ ತಪ್ಪದೆ ಹೋಗಿ ಸಾರ್ವಜನಿಕನಾಗುತ್ತಿದ್ದೆ. ಬೇರೆ ಯಾರೂ ಬರುತ್ತಿರಲಿಲ್ಲ. ಊರಿನ ಸಾರ್ವಜನಿಕರೆಲ್ಲ ಸೇರಿ ನಾನೊಬ್ಬನೇ. ಇದು ಎಪ್ಪತ್ತೈದರ ಆಸುಪಾಸಿನ ಮಾತು. ಊರಿನ ಹೆಸರು ಹೇಳುವುದಿಲ್ಲ. ಹೊಸದುರ್ಗ, ಹೊಳಲ್ಕೆರೆ ಸೀಮೆಯದು ಎಂದರೆ ಸಾಕು. ಹೇಳಿದರೆ ಆ ಬೆಂಚಿನ ಮೇಲೆ ಮತ್ತೆ ನನ್ನನ್ನು ಕೂರಿಸುವುದಿಲ್ಲ, ಬೇಸಿಗೆ ಬೇರೆ ಬರುತ್ತಿದೆ.

ಮೀಟಿಂಗ್ ಮುಗಿದ ಸಂಜೆ ಅದೇ ಮೀಟಿಂಗು ನಮ್ಮ ಕೇರಿಯ ಜಗಲಿಯ ಮೇಲೆ ಇನ್ನೊಮ್ಮೆ ನಡೆಯುತ್ತಿತ್ತು. ಅಷ್ಟೂ ಮೆಂಬರುಗಳು ನಾನೇ. ಅಧ್ಯಕ್ಷರು ಪ್ರತಿ ಮಾತಿಗೂ ಮುಂಚೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು, ನಾನೂ ಒರೆಸುತ್ತಿದ್ದೆ. ಅಕ್ಕಿ ಗಿರಣಿಯ ಮೆಂಬರು ನಿದ್ದೆಯಿಂದ ಎಚ್ಚೆತ್ತು ಯಾವ ವಿಷಯವೆಂದು ಕೇಳದೆ ಅನುಮೋದಿಸಿ ಮತ್ತೆ ನಿದ್ದೆ ಹೋಗುತ್ತಿದ್ದರು. ಕೊನೆಯಲ್ಲಿ, ಬಾಯಿ ತೆರೆದು ಫ್ಯಾನು ನೋಡುತ್ತ ಕೂತ ಸಾರ್ವಜನಿಕ. ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿದ್ದದ್ದು ಅವನಿಗೇ. ಕುರಿಯವರು, ಕಂಬಳಿ ನೇಯುವವರು, ಕಲಾಯಿ ಹಾಕುವ ಸಾಬರು ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕುತ್ತಿದ್ದ ಕೇರಿ. ಹೆಂಗಸರು ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಅವ್ವ ಮಾತ್ರ ನಗುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳುತ್ತಿದ್ದಳು: "ಆಯ್ತಾ?"

ಆಗಬೇಕಿದ್ದದ್ದು ಕಕ್ಕಸು.

ಕೇರಿಯ ಹೆಂಗಸರಿಗೆಂದು ಪುರಸಭೆಯವರು ಹಿಂದೊಮ್ಮೆ ಕಟ್ಟಿಸಿದ್ದ ಕಕ್ಕಸಿನ ಗೋಡೆ ಮಳೆಗೆ ಕುಸಿದು ಬಿದ್ದಿತ್ತು. ಗೋಡೆಯ ಜೊತೆ ಅದರ ಮೇಲೆ ಬರೆದಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನವೂ ಬಿತ್ತು. ಒಳಗಿನ ಕಲ್ಲುಗಳು ಹಾಗೇ ಇದ್ದವು, ಆದರೆ ಬೀದಿಗೆ ಕಾಣುವ ಕಲ್ಲಿನ ಮೇಲೆ ಯಾರು ಕೂರುತ್ತಾರೆ? ಗಂಡಸರಿಗೇನು, ಇಡೀ ತಾಲ್ಲೂಕೇ ಕಕ್ಕಸು. ಹೆಂಗಸರಿಗೆ ಕೆರೆ ಏರಿಯ ಹಿಂದೆ ಜಾಲಿಯ ಪೊದೆಗಳಿದ್ದವು. ಅವನ್ನು ಕಡಿದು ಅಲ್ಲೊಂದು ಮರ ಕೊಯ್ಯುವ ಮಿಲ್ಲು ಬಂದ ಮೇಲೆ ಬೆಳಕು ಹರಿಯುವ ಮುಂಚೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವೆ ಏನಾದರೂ ಆದರೆ ಹಲ್ಲು ಕಚ್ಚಿ ಕೂರಬೇಕು. ಅವ್ವ ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ನಾನು ಅದನ್ನೂ ಗಮನಿಸದೆ ಅಧ್ಯಕ್ಷರ ಕನ್ನಡಕ ಗಮನಿಸಿಕೊಂಡಿದ್ದವನು.

ಅಕ್ಕನನ್ನು ಚಿತ್ರದುರ್ಗಕ್ಕೆ ಕೊಟ್ಟಿತ್ತು. ಅವಳು ಮೊದಲ ಬಸುರಿಯಾದಾಗ ಅವ್ವ ಮಡಿಲಕ್ಕಿ ಕಟ್ಟಿಕೊಂಡು, ಬಾಣಂತನಕ್ಕೆ ಕಳಿಸಿಕೊಡಿ ಎಂದು ಕೇಳಲು ಹೋದಳು. ಜೊತೆಗೆ ನಾನೂ ಹೋಗಿದ್ದೆ. ಬೀಗರ ಹಿತ್ತಿಲಲ್ಲಿ ಬಾಗಿಲು, ಚಿಲಕ ಎಲ್ಲ ಇದ್ದ ಕಕ್ಕಸಿತ್ತು. ಅಕ್ಕನ ಅತ್ತೆ ಒಳ್ಳೆಯ ಹೆಂಗಸು. ಒಳ್ಳೆಯವರು ಮೆಲ್ಲಗೆ ಕೇಳುವ ಪ್ರಶ್ನೆಗೇ ಉತ್ತರ ಹುಡುಕುವುದು ಕಷ್ಟ.

"ಕಳಿಸಾಕೆ ನಮ್ದೇನೂ ಅಡ್ಡಿ ಇಲ್ಲ ಕಣಮ್ಮ," ಎಂದರು. "ಆದ್ರೆ ದಿನ ತುಂಬಿದ ಹುಡುಗಿ ಕತ್ಲಾಗಾ ತನಕ ಹೊಟ್ಟೆ ಹಿಡ್ಕಂಡು ಕುಂತಿರಾಕಾಗ್ತದಾ? ನೀವೇ ಹೇಳ್ರಿ. ಗ್ವಾಡೆ ಎದ್ದ ದಿನ ಹೇಳಿ ಕಳಿಸ್ರಿ, ನಾನೇ ತಂದು ಬಿಡ್ತೀನಿ."

ಬರುವಾಗ ಬಸ್ಸಿನಲ್ಲಿ ಆ ಅತ್ತೆಯ ದನಿ ಅಣಕಿಸಲು ಹೋಗಿ ನಾನು ಅವ್ವನಿಂದ ಒಂದು ಏಟು ತಿಂದೆ.

ನಮ್ಮ ಕೇರಿಯ ಮೆಂಬರು ಕಲಾಯಿ ಹಾಕುವ ವಯಸ್ಸಾದ ಸಾಬರು. ಗೆದ್ದ ಮೇಲೂ ಅಂಗಡಿ ಬಿಟ್ಟವರಲ್ಲ. ಕಲಾಯಿಗೆ ಉದುರಿಸುವ ನವಸಾಗರದ ಹೊಗೆ ಕುಡಿದು ಕುಡಿದು ಅವರಿಗೊಂದು ಕೆಮ್ಮಿತ್ತು. ಮೀಟಿಂಗಿನಲ್ಲಿ ಎದ್ದು ನಿಂತರೆ ಮೊದಲು ಕೆಮ್ಮು, ಆಮೇಲೆ ಜುಬ್ಬದ ಜೇಬಿನಲ್ಲಿ ಮಾತು ಹುಡುಕುವುದು, ಆಮೇಲೆ ಮತ್ತೆ ಕೆಮ್ಮು. ಅಷ್ಟರಲ್ಲಿ ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗಿಬಿಡುತ್ತಿದ್ದರು. ನಾನು ಅವರೆದುರಿಗೇ ಅವರನ್ನು ಕೆಮ್ಮಿ ತೋರಿಸಿದ್ದೆ. "ಲೇ, ನನಗಿಂತ ನೀನೇ ಚಂದ ಕೆಮ್ತೀಯಲ್ಲೋ. ಮುಂದಿನ ಮೀಟಿಂಗಿಗೆ ನೀನೇ ಹೋಗು, ನಾನು ಪಾತ್ರೆ ಬೆಳಗ್ತೀನಿ," ಎಂದು ನಕ್ಕಿದ್ದರು.

ಅವ್ವ ಅವರ ಅಂಗಡಿ ಮುಂದೆ ಹೋಗಿ ನಿಂತು ಬೀಗಿತ್ತಿ ಅಂದದ್ದನ್ನು ಹೇಳಿದಳು. ಅವರು ಕೆಂಡದ ಮೇಲಿದ್ದ ಪಾತ್ರೆ ಇಳಿಸಿ, "ತಂಗೀ, ನೀನು ಕ್ವಾಣೆಗೆ ಸುಣ್ಣ ಬಳಿ. ಗ್ವಾಡೆ ನನ್ ಜವಾಬ್ದಾರಿ," ಎಂದರು.

ಅಷ್ಟು ಸುಲಭವಿರಲಿಲ್ಲ. ಆ ವರ್ಷ ಊರಿಗೆ ಸರ್ಕಾರದ ಅನುದಾನ ಬಂದಿತ್ತು. ಮಾರ್ಚ್ ಮುಗಿಯುವುದರೊಳಗೆ ಸಭೆ ಮಂಜೂರು ಮಾಡದಿದ್ದರೆ ಅದು ಬಂದ ದಾರಿಯಲ್ಲೇ ವಾಪಸ್. ಹೆಚ್ಚಿನ ಮೆಂಬರುಗಳಿಗೆ ಬಸ್ ಸ್ಟ್ಯಾಂಡಿನ ಮುಂದೆ ಒಂದು ಸ್ವಾಗತ ಕಮಾನು ಬೇಕಿತ್ತು. ಕಮಾನಿನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಕಕ್ಕಸಿನ ಬಗ್ಗೆ ಮಾತಾಡಲು ಆ ಪದವನ್ನೇ ಬಾಯಿಗೆ ತಂದುಕೊಳ್ಳಬೇಕಲ್ಲ. ಅಧ್ಯಕ್ಷರು "ಸದರಿ ವಿಷಯ" ಎನ್ನುತ್ತಿದ್ದರು. ಇನ್ನೊಬ್ಬರು ಕಣ್ಣಲ್ಲೇ ಕೇರಿಯ ದಿಕ್ಕು ತೋರಿಸಿ "ಅದು" ಎನ್ನುತ್ತಿದ್ದರು. ಅದು ಪ್ರತಿ ತಿಂಗಳೂ ಪಟ್ಟಿಯ ಕೊನೆಗೆ ಹೋಗಿ, ಪ್ರತಿ ತಿಂಗಳೂ ಕಾಫಿಯ ಹೊತ್ತಾಗಿಬಿಡುತ್ತಿತ್ತು.

ಫೆಬ್ರುವರಿ ಮೀಟಿಂಗಿನಲ್ಲಿ ನಮ್ಮ ಮೆಂಬರು ಎದ್ದರು. ಕೆಮ್ಮಿದರು. ಜೇಬಿಗೆ ಕೈ ಹಾಕಲಿಲ್ಲ.

"ಅಧ್ಯಕ್ಷರೇ, ಬೆಳಿಗ್ಗೆ ಎದ್ದು ನೀವು ಎಲ್ಲಿಗೆ ಹೋಗ್ತೀರಿ ಅಂತ ನಾನು ಕೇಳಲ್ಲ. ನಿಮ್ಗೊಂದು ಬಾಗ್ಲೈತೆ. ನನ್ ಕೇರಿ ಹೆಣ್ಮಕ್ಳು ಮಧ್ಯಾಹ್ನ ನೀರು ಕುಡಿಯಲ್ಲ. ಯಾಕೆ ಅಂತ ನಿಮ್ಮ ಮನೇರನ್ನ ಕೇಳ್ರಿ, ಅವ್ರಿಗೆ ಗೊತ್ತಾಗ್ತದೆ. ಒಬ್ಬಾಕೆಗೆ ಮಗಳನ್ನ ಬಾಣಂತನಕ್ಕೆ ಕರ್ಕಂಬರಾಕೆ ಆಗ್ತಿಲ್ಲ. ಕಮಾನಿನ ಕೆಳಗೆ ಹಾದು ಬಂದು ಆ ಹುಡುಗಿ ಎಲ್ಲಿ ಕೂರ್ಬೇಕು?"

ಅಕ್ಕಿ ಗಿರಣಿಯವರು ಕೂಡ ಎಚ್ಚರವಾಗೇ ಇದ್ದರು. ಅಧ್ಯಕ್ಷರು ಕನ್ನಡಕ ತೆಗೆದರು, ಆದರೆ ಒರೆಸುವುದು ಮರೆತು ಹಾಗೇ ಹಿಡಿದುಕೊಂಡರು. ಓವರ್ಸಿಯರರಿಂದ ಖರ್ಚಿನ ಅಂದಾಜು ತರಿಸಿ ಮಾರ್ಚ್ ಸಭೆಯಲ್ಲಿ ಮೊದಲನೆಯ ವಿಷಯವಾಗಿ ಇಟ್ಟು ಮಂಜೂರು ಮಾಡೋಣ ಎಂದರು. ಯಾರೂ ಬೇಡವೆನ್ನಲಿಲ್ಲ.

ಆ ಸಂಜೆ ಅವ್ವ "ಆಯ್ತಾ?" ಎಂದಾಗ ಅಧ್ಯಕ್ಷರ ದನಿಯಲ್ಲಿ "ಆದಂಗೇ ಕಣಮ್ಮ" ಎಂದೆ. ಅವ್ವ ನಕ್ಕಳು. ಮರುದಿನವೇ ಕೋಣೆಗೆ ಸುಣ್ಣ ಬಳಿದಳು. ಮಂಚಕ್ಕೆ ಹೊಸ ನುಲಿ ಹಗ್ಗ ಬಿಗಿಸಿದಳು, ಒಣಶುಂಠಿ, ಮೆಣಸು, ಬೆಲ್ಲ ತಂದು ಗಡಿಗೆಗೆ ತುಂಬಿದಳು. ಹಿರಿಯೂರಿನಾಚೆ ಕುರಿ ಹೊಡೆದುಕೊಂಡು ಹೋಗಿದ್ದ ಅಪ್ಪ ಸಂತೆಗೆ ಬಂದವರ ಕೈಯಲ್ಲಿ ಕೂಸಿಗೆಂದು ಎಳೆಗುರಿಯ ಮೆತ್ತನೆ ಉಣ್ಣೆ ಕಳಿಸಿದ. ಸಾಬರು ಹಾದು ಹೋಗುವಾಗಲೆಲ್ಲ ಬಾಗಿಲಲ್ಲಿ ಇಣುಕಿ, ಸುಣ್ಣ ಇನ್ನೊಂದು ಕೈ ಬೇಕು ಎಂದು ಹೇಳಿ ಹೋಗುತ್ತಿದ್ದರು.

ಮಾರ್ಚ್ ಸಭೆಗೆ ಇನ್ನೇನು ಎರಡು ಮೂರು ದಿನವಿರುವಾಗ ಅವರು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಳಿತವರು ಮೇಲೇಳಲಿಲ್ಲ. ಅಂದು ಸಂಜೆಯೇ ಮಣ್ಣು ಮಾಡಿದರು. ಅವ್ವ ನಮ್ಮ ಗೋಡೆಯಾಚೆಯ ಅವರ ಮನೆಯಲ್ಲಿ, ಅವರ ಹೆಂಡತಿಯ ಪಕ್ಕದಲ್ಲಿ ಕೂತುಬಿಟ್ಟಿದ್ದಳು. ಆ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹತ್ತಲಿಲ್ಲ.

ಸಭೆಯ ದಿನ ಹೋದೆ. ಅವರ ಕುರ್ಚಿಯ ಮೇಲೆ ಒಂದು ಹಾರ ಇಟ್ಟಿದ್ದರು. ಅಧ್ಯಕ್ಷರು ಮಾತಾಡಿದರು. ಬಡವರ ಬಂಧು, ಕಾಯಕಜೀವಿ ಎಂದೆಲ್ಲ ಹೇಳುತ್ತ ಕನ್ನಡಕ ತೆಗೆದು ಪಂಚೆಯ ಅಂಚನ್ನು ಕಣ್ಣಿಗೇ ಒತ್ತಿಕೊಂಡರು. ಅದು ನಾಟಕವಲ್ಲ. ನಾಟಕ ಯಾವುದು ಎಂದು ಗುರುತಿಸುವುದರಲ್ಲಿ ನಾನು ಮೋಸ ಹೋಗುವವನಲ್ಲ. ಆ ಮನುಷ್ಯ ನಿಜವಾಗಿ ಅತ್ತರು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಬೆಂಚಿನಿಂದ ನಾನೂ ಎದ್ದು ನಿಂತೆ. ಆಮೇಲೆ ಒಬ್ಬರು, ಅಗಲಿದ ಸದಸ್ಯರ ಗೌರವಾರ್ಥ ಇಂದಿನ ಸಭೆಯನ್ನು ಬೇರೆ ಯಾವ ವಿಷಯವನ್ನೂ ಎತ್ತಿಕೊಳ್ಳದೆ ಮುಂದೂಡಬೇಕೆಂದು ಸೂಚಿಸಿದರು. ಅಕ್ಕಿ ಗಿರಣಿಯವರು ಕಣ್ಣೊರೆಸಿಕೊಂಡು ಅನುಮೋದಿಸಿದರು.

ಆಫೀಸಿನ ಮ್ಯಾನೇಜರು ಅಧ್ಯಕ್ಷರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಹೊಸ ಸಭೆ ಕರೆಯಲು ನೋಟಿಸಿನ ಅವಧಿ ಬೇಕು, ಅಷ್ಟರಲ್ಲಿ ಮಾರ್ಚ್ ಮುಗಿದಿರುತ್ತದೆ ಎಂದಿರಬೇಕು. ಅಧ್ಯಕ್ಷರು ಕೈ ಅಡ್ಡ ಆಡಿಸಿದರು.

"ಬ್ಯಾಡ ರೀ. ಇವತ್ತು ಆ ಮನುಷ್ಯನ ಕುರ್ಚಿ ಮುಂದೆ ಕಕ್ಕಸಿನ ಮಾತು ಎತ್ತಾಕಾಗ್ತದಾ?"

ಅವರ ಬಾಯಲ್ಲಿ ಆ ಪದ ನಾನು ಕೇಳಿದ್ದು ಅದೇ ಮೊದಲು. ಅಷ್ಟಾದರೂ ನನಗೆ ಹೊಳೆಯಲಿಲ್ಲ. ನಮ್ಮ ಕೇರಿಯ ಸಾಬರಿಗೆ ಎಂಥ ಮರ್ಯಾದೆ ಸಿಕ್ಕಿತು ಎಂದು ಎದೆಯುಬ್ಬಿಸಿಕೊಂಡೇ ಮನೆಗೆ ಬಂದೆ.

ಜಗಲಿಯ ಮೇಲೆ ಹೆಂಗಸರು ಕಾಯುತ್ತಿದ್ದರು. ಅಣಕ ಬೇಕಿರಲಿಲ್ಲ, ಸುದ್ದಿ ಬೇಕಿತ್ತು. ನಾನು ಹಾರ, ಮೌನ, ಅಧ್ಯಕ್ಷರ ಕಣ್ಣೀರು ಎಲ್ಲ ಹೇಳಿದೆ. ಅವ್ವ ಕೇಳಿದಳು, "ಆಯ್ತಾ?" ಮುಂದೂಡಿದರು ಎಂದೆ. ಪಕ್ಕದ ಮನೆಯ ಪರದೆಯ ಹಿಂದಿನಿಂದ ಸಾಬರ ಹೆಂಡತಿಯ ದನಿ ಬಂತು.

"ಯಾಕಪ್ಪ ಮುಂದಕ್ಕೆ ಹಾಕಿದ್ರು? ಅವ್ರು ಅದಕ್ಕೇ ಅಂತ ಹೊಸ ಜುಬ್ಬ ಹೊಲಿಸಿದ್ರಲ್ಲ."

ಅಧ್ಯಕ್ಷರ ದನಿಯಲ್ಲಿ "ಗೌರವಾರ್ಥ" ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟೆ.

ಏಪ್ರಿಲಿನಲ್ಲಿ ಅನುದಾನ ವಾಪಸಾದದ್ದು ತಿಳಿಯಿತು. ಕಮಾನೂ ಆಗಲಿಲ್ಲ. ಸ್ವಲ್ಪ ದಿನಕ್ಕೆ ಪುರಸಭೆಯ ಅವಧಿಯೇ ಮುಗಿದು ಆಡಳಿತಾಧಿಕಾರಿ ಬಂದರು; ಕೇಳುವವರು ಯಾರನ್ನು ಕೇಳಬೇಕೆಂದೇ ಗೊತ್ತಾಗದಂತಾಯಿತು. ಅಕ್ಕನ ಅತ್ತೆಗೆ ಅವ್ವ ಹೇಳಿ ಕಳಿಸಲಿಲ್ಲ, ಅವರೂ ಮತ್ತೆ ಕೇಳಲಿಲ್ಲ.

ಅಕ್ಕ ಚಿತ್ರದುರ್ಗದಲ್ಲೇ ಹೆತ್ತಳು. ಗಂಡುಕೂಸು. ಗಡಿಗೆಯಲ್ಲಿದ್ದ ಶುಂಠಿ, ಬೆಲ್ಲ, ಅಪ್ಪನ ಉಣ್ಣೆ ಎಲ್ಲವನ್ನೂ ಗಂಟು ಕಟ್ಟಿಕೊಂಡು ಅವ್ವ ಬಸ್ಸು ಹತ್ತಿದಳು. ಬೀಗರ ಮನೆಯಲ್ಲಿ ಬೇರೂರುವುದು ಚೆಂದವಲ್ಲವೆಂದು ಮೂರನೆಯ ದಿನ ವಾಪಸು ಬಂದಳು. ಅಲ್ಲಿ ಕೂಸಿಗೆ ನೀರು ಹಾಕಿದ್ದು ಅಕ್ಕನ ಅತ್ತೆಯಂತೆ. ಇವಳು ಚೊಂಬು ಎತ್ತಿ ಕೊಟ್ಟಳಂತೆ. ಅವ್ವ ಅದನ್ನು ದೂರಾಗಿ ಹೇಳಲಿಲ್ಲ. ಕೈಕಾಲು ತೊಳೆದು, ಬಾಣಂತಿಗೆಂದು ಹಾಕಿದ್ದ ಮಂಚವನ್ನು ನಿಲ್ಲಿಸಿ ಗೋಡೆಗೆ ಒರಗಿಸಿದಳು. ಆಮೇಲೆ ಜಗಲಿಗೆ ಬಂದು ನನ್ನ ಪಕ್ಕ ಕೂತಳು.

ಕೂಸು ಹೇಗಿದೆ ಎಂದು ಕೇಳಿದೆ. ಮೂಗು ನಿಮ್ಮಪ್ಪಂದು, ಹಣೆ ಆ ಮನೆಯವರದು ಎಂದಳು. "ಅಳೋದು ಹೆಂಗೆ ಅಂತೀಯ," ಎಂದು, ಎಂದೂ ಯಾರನ್ನೂ ಅಣಕಿಸದ ನಮ್ಮವ್ವ ಕತ್ತು ಒಂದು ಕಡೆ ವಾಲಿಸಿ, ಬಾಯಿ ಚಿಕ್ಕದು ಮಾಡಿ, ಅತ್ತು ತೋರಿಸಿದಳು. ಸರಿಯಾಗಿತ್ತೋ ಇಲ್ಲವೋ ನನಗೆ ತಿಳಿಯದು. ಅಸಲನ್ನು ನಾನಿನ್ನೂ ಕೇಳಿರಲಿಲ್ಲ.

ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಅವ್ವ ಚೊಂಬಿಗೆ ನೀರು ತುಂಬಿಕೊಂಡು, "ಬರ್ತೀಯೇನೇ, ಹೋಗಾಣ," ಎಂದು ಪಕ್ಕದ ಮನೆಯ ಪರದೆಯ ಕಡೆ ಕೂಗಿ, ಕೆರೆ ಏರಿಯ ದಾರಿ ಹಿಡಿದಳು.