ಕಪ್ಪು ಪಟ್ಟಿಯ ಗಂಟು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರ ನಡೆಸಿಕೊಂಡು ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಓದಿದ್ದು ಆರನೇ ತರಗತಿ. ಬರೆಯುವುದು ನನ್ನ ಕಸುಬಲ್ಲ. ಆದರೂ ದೊಡ್ಡಕ್ಕನ ವಿಷಯ ಯಾರಾದರೂ ಬರೆದಿಡಬೇಕು. ಅವಳ ಮೇಲೆ ಎಲ್ಲರಿಗಿಂತ ಹೆಚ್ಚು ಬಾಯಿ ಮಾಡಿದವನು ನಾನು, ಹಾಗಾಗಿ ನಾನೇ ಬರೆಯಬೇಕು.

ಅವಳು ನನ್ನ ಒಡಹುಟ್ಟಿದವಳಲ್ಲ. ಬಟ್ಟೆ ವಿಂಗಡಿಸುವ ಮೇಜಿನ ಮುಂದೆ ನಿಲ್ಲುವ ನಾಲ್ವರು ಹೆಂಗಸರಲ್ಲಿ ಹಿರಿಯವಳು, ಅದಕ್ಕೆ ದೊಡ್ಡಕ್ಕ. ಕುಳ್ಳಿ, ಗಟ್ಟಿ ತೋಳು, ಎಡಗಿವಿ ತುಸು ಮಂದ. ವಾರ್ಡುಗಳಿಂದ ತಳ್ಳುಗಾಡಿಯಲ್ಲಿ ಬಂದ ಚಾದರ, ದಿಂಬಿನ ಚೀಲ, ರೋಗಿಗಳ ಅಂಗಿ ಎಲ್ಲವನ್ನೂ ಕೊಡವಿ ನೋಡುತ್ತಿದ್ದಳು. ಕನ್ನಡಕ, ಹಲ್ಲಿನ ಸೆಟ್ಟು ಸಿಗುತ್ತಿದ್ದವು. ಒಮ್ಮೆ ಬೇಯಿಸಿದ ಮೊಟ್ಟೆ ಸಿಕ್ಕಾಗ, ಪಾಪ, ಕಾವು ಕೊಡುವಷ್ಟರಲ್ಲಿ ಡಿಸ್ಚಾರ್ಜ್ ಮಾಡಿಬಿಟ್ಟರು ಎಂದು ಎಲ್ಲರನ್ನೂ ನಗಿಸಿದ್ದಳು.

ತೀರಿಕೊಂಡವರ ಹಾಸಿಗೆಯ ಬಟ್ಟೆಯನ್ನು ವಾರ್ಡಿನವರು ಬೇರೆ ಗಂಟು ಕಟ್ಟಿ, ಕಪ್ಪು ಪಟ್ಟಿ ಸುತ್ತಿ, ಹಾಸಿಗೆಯ ನಂಬರಿನ ಚೀಟಿ ಸಿಕ್ಕಿಸಿ ಕಳಿಸುತ್ತಾರೆ. ಅದಕ್ಕೆ ನೀರು ಹೆಚ್ಚು ಬಿಸಿಯಾಗಬೇಕು, ಅಷ್ಟೇ. ಆದರೆ ದೊಡ್ಡಕ್ಕ ಆ ಗಂಟು ಬಿಚ್ಚಿ, ಚಾದರವನ್ನು ಮೇಜಿನ ಮೇಲೆ ಹರಡಿ, ತಲೆಯ ಕಡೆಯಿಂದ ಕಾಲಿನ ಕಡೆಗೆ ಅಂಗೈಯಲ್ಲಿ ಸವರಿ, ನಾಲ್ಕು ಮಡಿಕೆ ಮಾಡುವಳು. ತುಟಿ ಅಲ್ಲಾಡುವುದು. ಉಳಿದ ಮೂವರು ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಲ್ಲುವರು. ಆಮೇಲೆ ಎರಡೂ ಕೈಯಲ್ಲಿ ತಂದು ನನಗೆ ಕೊಡುವಳು. ಹೋದವರನ್ನು ಕಳಿಸಿಕೊಡುವುದು ಎಂದು ಆ ಹೆಂಗಸರು ಇದಕ್ಕೆ ಹೇಳುತ್ತಿದ್ದರು.

ಒಗೆಯಲು ಹೋಗುವ ಕೊಳಕು ಬಟ್ಟೆಯನ್ನು ಮಡಿಸುವುದು! ಯಂತ್ರದೊಳಗೆ ಬಿದ್ದರೆ ಮತ್ತೆ ಮುದ್ದೆಯೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಟೀ ಹೊತ್ತಿನಲ್ಲಿ ಭಾಷಣ ಬಿಗಿದೆ. ಹಿಂದೆ ಎಲ್ಲೋ ಒಬ್ಬ ಮೈಗಳ್ಳ ದುಡಿಯಲಾರದೆ ಉಳಿದವರನ್ನು ಹೆದರಿಸಿ ಕೂತು ತಿಂದನಲ್ಲ, ಆವತ್ತೇ ಧರ್ಮ ಹುಟ್ಟಿದ್ದು ಎಂದೆ. ಇಸ್ತ್ರಿಯವನು ಹೌದೆಂದು ತಲೆಯಾಡಿಸಿದ. ದೊಡ್ಡಕ್ಕ ಲೋಟ ತೊಳೆಯುತ್ತಲೇ ಕೇಳಿದಳು:

"ಹಾಗಾದ್ರೆ ಇಷ್ಟು ವರ್ಷದಲ್ಲಿ ನಾನೇನು ತಿಂದೆ, ತಮ್ಮಾ?"

ಎಲ್ಲರೂ ನಕ್ಕರು. ನಕ್ಕಿದ್ದು ನನ್ನನ್ನು ನೋಡಿ. ಅದು ನನಗೆ ಚುಚ್ಚಿತು.

ಮರುದಿನ ಕಸದ ಬುಟ್ಟಿಯಿಂದ ಕಪ್ಪು ಪಟ್ಟಿಯೊಂದನ್ನು ಎತ್ತಿಕೊಂಡು, ಮೂಳೆ ವಾರ್ಡಿನ ಹನ್ನೊಂದನೇ ಹಾಸಿಗೆಯ ಬಟ್ಟೆಗೆ ಸುತ್ತಿ, ನಂಬರಿನ ಚೀಟಿಯನ್ನೂ ಸಿಕ್ಕಿಸಿದೆ. ಆ ಹಾಸಿಗೆಯಲ್ಲಿದ್ದವನು ಕಾಲು ಮುರಿದುಕೊಂಡ ಬಸ್ ಡ್ರೈವರು, ಗಟ್ಟಿಮುಟ್ಟಾಗಿದ್ದ. ದೊಡ್ಡಕ್ಕ ಗಂಟು ಬಿಚ್ಚಿದಳು, ಹರಡಿದಳು, ಸವರಿದಳು, ಮಡಿಸಿದಳು. ನನ್ನ ಕೈಗೆ ಕೊಡಲು ಬಂದಾಗ ಹೇಳಿದೆ:

"ಅಕ್ಕಾ, ನೀನು ಕಳಿಸಿಕೊಟ್ಟವನು ಮೇಲೆ ವಾರ್ಡಲ್ಲಿ ಕೂತು ಟೀ ಕುಡೀತಿದಾನೆ. ಹೋಗಿ ವಾಪಸ್ ಕರ್ಕೊಂಡು ಬಾ."

ಇಸ್ತ್ರಿಯವನು ಮಾತ್ರ ನಕ್ಕ, ಅವನೂ ಅರ್ಧಕ್ಕೇ ನಿಲ್ಲಿಸಿದ. ದೊಡ್ಡಕ್ಕ ಚೀಟಿಯನ್ನು ಎರಡು ಸಲ ಓದಿದಳು. ಕೈಗವಸು ಕಳಚಿಟ್ಟು ಮೆಟ್ಟಿಲು ಹತ್ತಿ ಹೋದಳು.

ಮೇಲೆ ನಡೆದದ್ದನ್ನು ವಾರ್ಡಿನ ಆಯಾ ಹೇಳಿದಳು. ದೊಡ್ಡಕ್ಕ ಹಾಸಿಗೆಯ ಕಾಲ ಬಳಿ ನಿಂತು, ಅಣ್ಣಾ, ತಪ್ಪಾಯಿತು, ನಿಮ್ಮನ್ನು ಕಳಿಸಿಬಿಟ್ಟೆ ಎಂದಳಂತೆ. ಡ್ರೈವರಿಗೆ ತಲೆಬುಡ ತಿಳಿಯಲಿಲ್ಲ. ಕಾಲು ಹೀಗಿರುವಾಗ ನಾನೆಲ್ಲಿಗೆ ಹೋಗಲಮ್ಮ ಎಂದನಂತೆ. ಆಮೇಲೆ ದಿನಾ ಎರಡು ಹೊತ್ತು ಹೋಗಿ ಅವನ ಉಸಿರು ನೋಡಿ ಬರುತ್ತಿದ್ದಳು.

ಕಪ್ಪು ಪಟ್ಟಿಯ ಗಂಟನ್ನು ಮಾತ್ರ ಮುಟ್ಟಲಿಲ್ಲ. ತನ್ನ ಕೈಯನ್ನು ಈಗ ನಂಬುವ ಹಾಗಿಲ್ಲ ಎಂದಳು. ಉಳಿದ ಮೂವರೂ ಮುಟ್ಟಲಿಲ್ಲ. ಮೂರು ದಿನದಲ್ಲಿ ಮೂಲೆಯಲ್ಲಿ ಐದು ಗಂಟು ಬಿದ್ದವು. ನಾನು ಕೂಗಾಡಿದೆ. ಅವರಲ್ಲಿ ಎತ್ತರದವಳು ನನ್ನ ಮುಖಕ್ಕೇ ಹೇಳಿದಳು:

"ಅಕ್ಕ ಕಳಿಸಿಕೊಟ್ಟ ಮೇಲೆ ನಮಗೆ ಭಯ ಇರ್ತಿರಲಿಲ್ಲ. ಈಗ ನೀನೇ ಮುಟ್ಟು."

ಮೇಲ್ವಿಚಾರಕ ಬಂದು ಮೂಗು ಮುಚ್ಚಿಕೊಂಡ. ಆ ಮೇಜು ದೊಡ್ಡಕ್ಕನದು, ಶನಿವಾರದೊಳಗೆ ಮೂಲೆ ಖಾಲಿಯಾಗದಿದ್ದರೆ ಅವಳನ್ನು ಕೆಲಸದಿಂದ ತೆಗೆಯುತ್ತೇನೆ ಎಂದ. ಗಂಡನಿಲ್ಲದವಳು, ಮನೆಯಲ್ಲಿ ನಡೆಯಲಾಗದ ತಂಗಿ. ಅವಳು ತಲೆ ತಗ್ಗಿಸಿ ನಿಂತಿದ್ದಳು, ನನ್ನ ಹೆಸರೆತ್ತಲಿಲ್ಲ. ನಾನು ಅಲ್ಲೇ ಇದ್ದೆ. ದಿನವಿಡೀ ಕಿರುಚುವ ಈ ಬಾಯಿ ಆಗ ತೆರೆಯಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಅವನು ಹೋದ ಮೇಲೆ, ನಾನೇ ಮುಗಿಸುತ್ತೇನೆಂದು ಒಂದು ಗಂಟು ಬಿಚ್ಚಿದೆ. ದಿಂಬಿನ ಚೀಲದಲ್ಲಿ ಎಣ್ಣೆಯ ಕಲೆ, ಒಂದು ಉದ್ದನೆಯ ಬಿಳಿಕೂದಲು. ಯಂತ್ರದ ಬಾಯಿ ತೆರೆದಿತ್ತು. ಎಸೆಯಲು ಕೈ ಬರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಮಡಿಸದ ಒಂದನ್ನೂ ನಾನು ಮುಟ್ಟಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಮೇಜಿನ ಮೇಲೆ ಹರಡಿ ಸವರಿದೆ. ಮಡಿಕೆ ಸೊಟ್ಟಗಾಯಿತು. ತುಟಿಗೆ ಏನೂ ಬರಲಿಲ್ಲ.

"ಅಕ್ಕಾ, ಏನು ಹೇಳ್ತಿದ್ದೆ?"

ಅವಳು ಮುಟ್ಟದೆ, ದೂರದಿಂದಲೇ ಚೀಟಿಯತ್ತ ಬೆರಳು ಮಾಡಿದಳು.

"ನಂಬರ್ ಓದ್ತೀನಿ. ಬಟ್ಟೆ ನಾವು ನೋಡ್ಕೋತೀವಿ, ನೀವು ನಿಶ್ಚಿಂತೆಯಾಗಿ ಹೋಗಿ ಅಂತೀನಿ."

"ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ಮೊದಲ್ನೇ ಸಲ ಬಿಚ್ಚಿದಾಗ ಬಟ್ಟೆ ಇನ್ನೂ ಬೆಚ್ಚಗಿತ್ತು. ಸುಮ್ನೆ ಬಿಸಾಕೋಕೆ ಆಗ್ಲಿಲ್ಲ."

ಹೆದರಿಸಿ ತಿನ್ನುವವರು ಇದ್ದಾರೆ, ಅವರ ಮೇಲಿನ ಸಿಟ್ಟು ನನಗೆ ಈಗಲೂ ಇಳಿದಿಲ್ಲ. ಆದರೆ ಅವರು ಬಂದದ್ದು ಆಮೇಲೆ ಇರಬೇಕು. ಎಲ್ಲಕ್ಕಿಂತ ಮೊದಲು ಯಾರೋ ಒಬ್ಬರು ಕೈಯಲ್ಲಿ ಬೆಚ್ಚಗಿನದೊಂದನ್ನು ಹಿಡಿದುಕೊಂಡು, ಬಿಸಾಕಲಾರದೆ, ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಿರಬೇಕು. ಪಕ್ಕದಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದಿರಬೇಕು. ಅಲ್ಲೂ ನನ್ನಂಥವನೊಬ್ಬ ನಕ್ಕಿರಬಹುದು.

ಐದೂ ಗಂಟು ಮುಗಿಸಿ, ಮೇಲ್ವಿಚಾರಕನಿಗೆ ನಡೆದದ್ದು ಹೇಳಿದೆ. ನನಗೆ ಎಚ್ಚರಿಕೆಯ ನೋಟಿಸು ಕೊಟ್ಟ, ದೊಡ್ಡಕ್ಕನ ಕೆಲಸ ಉಳಿಯಿತು. ಡ್ರೈವರು ಊರುಗೋಲಿನಲ್ಲಿ ಮನೆಗೆ ಹೊರಟ ದಿನ ಬಾಗಿಲಿನವರೆಗೆ ಅವನ ಜೊತೆ ಹೋಗಿ ಬಂದವಳು ಮತ್ತೆ ಗಂಟು ಬಿಚ್ಚತೊಡಗಿದಳು. ಆದರೆ ಈಗ ಬಿಚ್ಚುವ ಮೊದಲು ಗೋಡೆಯ ಫೋನೆತ್ತಿ, ಬಲಗಿವಿಗೆ ಒತ್ತಿಕೊಂಡು ವಾರ್ಡಿಗೆ ಕೇಳುತ್ತಾಳೆ: ಇಂಥ ನಂಬರಿನವರು ಹೋಗಿದ್ದು ನಿಜವೇ? ಪ್ರತಿ ಸಲವೂ ಕೇಳುತ್ತಾಳೆ. ನಾನು ಯಂತ್ರದ ಹಿಂದೆ ಹೋಗಿ ನಿಲ್ಲುತ್ತೇನೆ.

ಮೊನ್ನೆ ಹೊಸದಾಗಿ ಸೇರಿದ ಹೆಂಗಸು, ಫೋನು ಯಾಕೆ ಮಾಡುವುದು ಎಂದು ಕೇಳಿದಳು. ದೊಡ್ಡಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಇಲ್ಲಿ ಹಾಗೇ ಮಾಡೋದು, ಮೊದಲಿಂದಲೂ" ಎಂದಳು.

ಆ ಹೆಂಗಸು ಗಂಭೀರವಾಗಿ ತಲೆಯಾಡಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತಳು.